ಅಕ್ಕನ ವ್ಯಾನಿನ ಹದಿನೇಳು ಅಕ್ಷರ

ಹನ್ನೊಂದು ದಿನ ನಾನು ನನ್ನ ಅಕ್ಕನಿಗೆ ಒಂದು ಮಾತು ಹೇಳದೆ ಉಳಿದೆ. ದೊಡ್ಡ ಮಾತೇನಲ್ಲ. ‘ನಿನ್ನ ವ್ಯಾನಿನ ಚಾಸಿ ನಂಬರನ್ನು ಅಳಿಸಿಹಾಕಿದವನು ನಾನೇ’ ಎಂದರೆ ಮುಗಿಯಿತು. ಮೊದಲನೆಯ ದಿನವೇ ಹೇಳಿದ್ದರೆ ತಲೆಗೊಂದು ಮೊಟಕು, ಎರಡು ಬೈಗುಳ, ಆಮೇಲೆ ಊಟ, ಇಷ್ಟರಲ್ಲೇ ತೀರುತ್ತಿತ್ತು. ನಮ್ಮ ಗೊಂಬೆ ಕಸುಬಿನಲ್ಲಿ ಬಣ್ಣದ ಅರಗು ಬಿಸಿಯಾಗಿರುವಾಗ ಎಳೆದ ಕಡೆಗೆ ಬರುತ್ತದೆ. ಆರಿತೋ, ಉಳಿ ಹಿಡಿದು ಕೆರೆಯಬೇಕು. ತಪ್ಪು ಒಪ್ಪಿಕೊಳ್ಳುವುದೂ ಅಂಥದ್ದೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆರಲು ಬಿಟ್ಟೆ. ಯಾಕೆ ಎಂದು ಕೇಳಿದರೆ ನನ್ನ ಹತ್ತಿರ ಇರುವುದು ಒಂದೇ ಉತ್ತರ, ಹೆದರಿಕೆ.

ನಾನು ಹುಟ್ಟಿನಿಂದಲೇ ಪುಕ್ಕಲ. ಚನ್ನಪಟ್ಟಣದಲ್ಲಿ ಲೇತ್ ಮಿಷನ್ನಿನ ಮುಂದೆ ಕೂತು ಬುಗುರಿ, ಗಿಲಕಿ, ಮರದ ಕುದುರೆ ಕಡೆಯುವುದು ನನ್ನ ಕೆಲಸ. ಓದಿದ್ದು ಆರನೇ ಕ್ಲಾಸು, ಅದೂ ಪೂರ್ತಿಯಲ್ಲ. ಕನ್ನಡವನ್ನು ನಿಧಾನವಾಗಿ ಓದುತ್ತೇನೆ, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬಂದರೆ ಗುರುತು ಹಿಡಿಯುತ್ತೇನೆ, ಗುಂಪಾಗಿ ಬಂದರೆ ಕೈಮುಗಿಯುತ್ತೇನೆ. ಸರ್ಕಾರದ ಮೊಹರು ಬಿದ್ದ ಯಾವ ಕಾಗದ ಕಂಡರೂ ಅದು ನನ್ನ ಮೇಲೆ ಬಂದಿರುವ ದೂರೇ ಇರಬೇಕು ಎನಿಸುತ್ತದೆ. ಕರೆಂಟ್ ಬಿಲ್ಲು ಕೊಡುವವನು ಬಾಗಿಲು ತಟ್ಟಿದರೂ ಹಿಂದಿನ ಬಾಗಿಲು ಎಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳುತ್ತೇನೆ. ನಮ್ಮ ಮನೆಗೆ ಹಿಂದಿನ ಬಾಗಿಲೇ ಇಲ್ಲ.

ನನ್ನ ಅಕ್ಕ ಜಯಮ್ಮ ಇದಕ್ಕೆ ತದ್ವಿರುದ್ಧ. ನನಗಿಂತ ಆರು ವರ್ಷ ದೊಡ್ಡವಳು. ಬೈರಾಪಟ್ಟಣದಲ್ಲಿ ಮನೆ. ಮದುವೆ, ಗೃಹಪ್ರವೇಶಗಳಿಗೆ ಹೋಳಿಗೆ ಮಾಡಿಕೊಡುತ್ತಾಳೆ. ಅವಳ ಹೋಳಿಗೆಯನ್ನು ಎತ್ತಿ ಬೆಳಕಿಗೆ ಹಿಡಿದರೆ ಆಚೆ ನಿಂತವರ ಮುಖ ಕಾಣುತ್ತದೆ ಎಂದು ಹೇಳುವವರಿದ್ದಾರೆ. ನಾನು ಹಿಡಿದು ನೋಡುವಷ್ಟು ಹೊತ್ತು ಅದು ನನ್ನ ಕೈಯಲ್ಲಿ ಎಂದೂ ಉಳಿದಿಲ್ಲ. ಆಟೋದವರು ಕೈಕೊಟ್ಟು ಒಂದೆರಡು ಸಲ ಹೋಳಿಗೆ ಊಟ ಮುಗಿದ ಮೇಲೆ ಛತ್ರ ತಲುಪಿದ್ದರಿಂದ, ನಲವತ್ತಾರನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಳು. ಮೈದಾನದಲ್ಲಿ ಎಂಟು ಹಾಕಿ ತೋರಿಸುವ ಪರೀಕ್ಷೆಯನ್ನು ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲನೇ ಸಲಕ್ಕೇ ಪಾಸು ಮಾಡಿದಳು. ಆಮೇಲೆ ರಾಮನಗರದ ನಯಾಜ್ ಸಾಹೇಬರಿಂದ ಹಳೆಯದೊಂದು ವ್ಯಾನು ಕೊಂಡಳು, ಎಂಜಿನ್ನಿನ ಮೇಲೆ ಸೀಟು ಹಾಕಿ ಕೂತು ಓಡಿಸುವಂಥದ್ದು.

ಸಾಹೇಬರದು ರೇಷ್ಮೆ ನೂಲು ಬಿಚ್ಚುವ ಕಸುಬು. ಸುಮಾರು ಹದಿನೈದು ವರ್ಷ ಆ ವ್ಯಾನಿನಲ್ಲಿ ಗೂಡು ಮಾರ್ಕೆಟ್ಟಿನಿಂದ ಗೂಡು ಹೊತ್ತು ತಂದಿದ್ದರು. ಬೇಯಿಸಿದ ರೇಷ್ಮೆಹುಳುವಿನ ವಾಸನೆ ತಗಡಿನೊಳಗೇ ಇಳಿದುಹೋಗಿತ್ತು. ಅಕ್ಕ ಸೀಗೆಪುಡಿ ಹಾಕಿ ತೊಳೆದಳು, ಅರಿಶಿನದ ನೀರು ಚಿಮುಕಿಸಿದಳು, ಎರಡು ವಾರ ಸಾಂಬ್ರಾಣಿ ಹೊಗೆ ಹಾಕಿದಳು. ಈಗ ಅದರೊಳಗೆ ಕೂತರೆ ಹುಳುವಿಗೆ ಪೂಜೆ ಮಾಡಿ ಹೋಳಿಗೆ ನೈವೇದ್ಯ ಇಟ್ಟಂತಹ ವಾಸನೆ ಬರುತ್ತದೆ. ಆದರೂ ಗಾಡಿ ಗಟ್ಟಿಯಾಗಿತ್ತು. ಸಾಹೇಬರೂ ಮಾತಿಗೆ ತಪ್ಪದ ಮನುಷ್ಯ, ಫಾರಂಗಳಿಗೆಲ್ಲ ಸಹಿ ಮಾಡಿ, “ಇನ್ನೇನಾದ್ರೂ ಬೇಕಂದ್ರೆ ಒಂದ್ ಫೋನ್ ಹಾಕಿ ಅಮ್ಮಾ, ಬತ್ತೀನಿ” ಎಂದಿದ್ದರು.

ವ್ಯಾನಿಗೆ ಹದಿನೈದು ವರ್ಷ ತುಂಬುವುದಕ್ಕೆ ಬಂದಿದ್ದರಿಂದ ಎರಡು ಕೆಲಸ ಒಟ್ಟಿಗೆ ಆಗಬೇಕಿತ್ತು. ಆರ್‌ಸಿ ರಿನ್ಯೂವಲ್ ಆಗಬೇಕು, ಆರ್‌ಸಿಯಲ್ಲಿ ಸಾಹೇಬರ ಹೆಸರು ಹೋಗಿ ಅಕ್ಕನ ಹೆಸರು ಬರಬೇಕು. ರಾಮನಗರದ ಆರ್‌ಟಿಒ ಆಫೀಸಿನ ಎದುರು ಜೆರಾಕ್ಸ್ ಅಂಗಡಿಯ ನೆರಳಿನಲ್ಲಿ ಕುಮಾರ ಎಂಬ ಏಜೆಂಟ್ ಕೂರುತ್ತಾನೆ. ಅವನು ನಮಗೆ ಪಾಠ ಮಾಡಿದ.

“ನೋಡಿ ಅಕ್ಕೋರೆ, ನಂಬರ್ ಪ್ಲೇಟು ಯಾರ್ ಬೇಕಾದ್ರೂ ಬಿಚ್ಚಿ ಬದಲಾಯಿಸ್ಬೋದು. ಎಂಜಿನ್ ಕೆಟ್ರೆ ಬೇರೆ ಕೂರಿಸಿ ಆರ್‌ಸೀಲಿ ಬರೆಸ್ಬೋದು. ಆದ್ರೆ ಈ ಚಾಸಿ ನಂಬರ್ ಐತಲ್ಲ, ಹದಿನೇಳು ಅಕ್ಷರ, ಇದನ್ನ ಫ್ಯಾಕ್ಟ್ರೀಲೇ ತಗಡಿಗೆ ಗುದ್ದಿರ್ತಾರೆ. ಗಾಡಿ ಮೇಲಿರೋದೂ ಆರ್‌ಸೀಲಿರೋದೂ ಒಂದೇ ಆಗಿದ್ರೆ ಗಾಡಿ ನಿಮ್ದು. ಇಲ್ಲಾಂದ್ರೆ ಅದು ಕದ್ದ ಮಾಲು ಅಂತ್ಲೇ ಲೆಕ್ಕ.”

“ಹದಿನೇಳೂ ಬೇಕಾ? ಮನುಷ್ಯರ ಆಧಾರ್ ನಂಬರೇ ಹನ್ನೆರಡು” ಎಂದೆ ನಾನು.

“ಮನುಷ್ಯರನ್ನ ಯಾರಣ್ಣ ಕದೀತಾರೆ?” ಎಂದ ಕುಮಾರ. “ಮೊದಲ ಮೂರು ನೋಡಿದ್ರೆ ಯಾವ ದೇಶ, ಯಾವ ಕಂಪ್ನಿ ಅಂತ ಗೊತ್ತಾಯ್ತದೆ. ನಡುವಿಂದು ಯಾವ ನಮೂನೆ ಗಾಡಿ, ಯಾವ ವರ್ಷದ್ದು ಅಂತ. ಕೊನೇವು ಐತಲ್ಲ, ಅದು ಈ ಗಾಡಿಗೇ ಸ್ವಂತ, ಬೇರೆ ಯಾವ್ದಕ್ಕೂ ಇರಲ್ಲ. ಇನ್ನೊಂದು, ಇದ್ರಲ್ಲಿ ಐ, ಓ, ಕ್ಯೂ ಅನ್ನೋ ಅಕ್ಷರ ಬರೋದೇ ಇಲ್ಲ. ಒಂದು, ಸೊನ್ನೆ ಜತೆ ಕಲಸಿಹೋಯ್ತವೆ ಅಂತ ಬುಟ್ಟವ್ರೆ.”

ಇದನ್ನು ಕೇಳಿ ನನಗೆ ಆ ನಂಬರಿನ ಮೇಲೆ ಪ್ರೀತಿಯೇ ಹುಟ್ಟಿತು. ಶಾಲೆಯಲ್ಲಿ ನನ್ನ ತಲೆಯಲ್ಲಿ ಕಲಸಿಹೋದ ಅಕ್ಷರಗಳೂ ಅವೇ. ದೇಶದಲ್ಲಿ ಎಲ್ಲೋ ನನ್ನಂಥವನನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೋ ಪುಣ್ಯಾತ್ಮರು ನಿಯಮ ಮಾಡಿದ್ದಾರೆ ಎಂದುಕೊಂಡೆ. ನಾನು ಯಾವ ಸರ್ಕಾರಿ ಕಾಗದವನ್ನಾದರೂ ಅರ್ಥ ಮಾಡಿಕೊಳ್ಳುವುದು ಶಾಲೆಯ ಲೆಕ್ಕದಲ್ಲಿಯೇ. ಆರ್‌ಸಿ ಎಂದರೆ ಶಾಲೆಯ ದಾಖಲಾತಿ ಪುಸ್ತಕ. ಹೆಸರು ಬದಲಾಯಿಸುವುದೆಂದರೆ ಟಿಸಿ ತೆಗೆದುಕೊಂಡು ಬೇರೆ ಶಾಲೆ ಸೇರುವುದು. ಚಾಸಿ ನಂಬರು ಎಂದರೆ ಟಿಸಿಯಲ್ಲಿ ಬರೆಯುವ ಗುರುತು, ‘ಬಲಗೆನ್ನೆಯ ಮೇಲೆ ಮಚ್ಚೆ’ ಎನ್ನುತ್ತಾರಲ್ಲ, ಅದು.

ಶಾಲೆಯ ಮಾತು ಬಂದದ್ದರಿಂದ ಇನ್ನೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಕೊನೆಗೆ ಬೇಕಾಗುತ್ತದೆ. ಆರನೇ ಕ್ಲಾಸಿನಲ್ಲಿ ಗಣಿತಕ್ಕೆ ನನಗೆ ಹದಿನಾಲ್ಕು ಬಂದಿತ್ತು. ಮಾರ್ಕ್ಸ್ ಕಾರ್ಡಿನಲ್ಲಿದ್ದ ಒಂದನ್ನು ಬ್ಲೇಡಿನಿಂದ ಕೆರೆದು ಆ ಜಾಗದಲ್ಲಿ ನಾಲ್ಕು ಬರೆಯಲು ಹೋದೆ. ಕಾಗದ ತೂತಾಗಿ ಆಚೆ ಕಡೆಯ ಬೆಳಕು ಕಂಡಿತು. ಹೆಡ್‌ಮಾಸ್ಟರು ಮನೆಯವರನ್ನು ಕರೆದುಕೊಂಡು ಬಾ ಎಂದರು. ಅಕ್ಕ ಬಂದಳು. ಆಗ ಅವಳಿಗೆ ಹದಿನೇಳು. ನನ್ನನ್ನು ಒಂದು ಮಾತೂ ಕೇಳದೆ, “ಸಾರ್, ಮುಸುರೆ ತೊಳೆಯೋವಾಗ ನನ್ ಕೈಯಿಂದ್ಲೇ ನೀರು ಬಿತ್ತು, ಒರೆಸಕ್ಕೋದೆ, ಹರೀತು” ಎಂದಳು. ಮಕ್ಕಳೆಲ್ಲರ ಮುಂದೆ ಬೈಸಿಕೊಂಡಳು. ನಾನು ನನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತ ನಿಂತಿದ್ದೆ. ಮುಂದಿನ ತಿಂಗಳು ಶಾಲೆ ಬಿಟ್ಟೆ. ಆ ವಿಷಯವನ್ನು ಅವಳು ಎತ್ತಲಿಲ್ಲ, ನಾನು ಎತ್ತುವ ಪೈಕಿಯೇ ಅಲ್ಲ.

ವ್ಯಾನಿಗೆ ಬರೋಣ. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಲ್ಲಿ ತಿಕ್ಕಿ, ಅಚ್ಚು ತೆಗೆದು ಫಾರಂಗೆ ಅಂಟಿಸಬೇಕು ಎಂದ ಕುಮಾರ. ಅಕ್ಕ ಆ ಕೆಲಸವನ್ನು ನನಗೆ ಒಪ್ಪಿಸಿದಳು. “ನಿಂದು ಕೈಕೆಲಸ ಕಣ್ಲಾ ಸಿದ್ದ. ಒಸಿ ನೀಟಾಗಿ ತಿಕ್ಕಿ ಕೊಡು” ಎಂದು ವ್ಯಾನನ್ನು ನನ್ನ ಕೆಲಸದ ಮನೆಯ ಮುಂದೆ ನಿಲ್ಲಿಸಿ ಸಂತೆಗೆ ಹೋದಳು.

ಸೀಟು ಎತ್ತಿ ನೋಡಿದರೆ ನಂಬರಿನ ಮೇಲೆ ತುಕ್ಕು. ಕಾಗದವಿಟ್ಟು ತಿಕ್ಕಿದೆ, ಮೋಡ ಮೂಡಿತು. ಇನ್ನೊಮ್ಮೆ ತಿಕ್ಕಿದೆ, ಮಳೆ ಬರುವಂತಹ ಮೋಡ ಮೂಡಿತು. ಬೇರೆ ಯಾರಾದರೂ ಆಗಿದ್ದರೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಮತ್ತೆ ಪ್ರಯತ್ನಿಸುತ್ತಿದ್ದರು. ಆದರೆ ಮೂವತ್ತು ವರ್ಷ ಗೊಂಬೆ ಮಾಡಿದವನ ಕೈಗೆ ಒರಟಾದ ಮೈ ಸಿಕ್ಕಿದರೆ ಅದು ಸುಮ್ಮನಿರುವುದಿಲ್ಲ. ಮರದ ಕುದುರೆಯ ಬೆನ್ನು ನುಣುಪು ಮಾಡಲು ಡ್ರಿಲ್ ಮಿಷನ್ನಿಗೆ ಸಿಕ್ಕಿಸುವ ಉಪ್ಪುಕಾಗದದ ಬಿಲ್ಲೆಯೊಂದು ನನ್ನ ಹತ್ತಿರ ಇದೆ. ಅದನ್ನು ಹಾಕಿ ಬಿಟ್ಟೆ. ಕೆಂಪು ಪುಡಿ ಹಾರಿತು. ತಗಡು ಬೆಳ್ಳಗಾಯಿತು. ಎಷ್ಟು ಚೆನ್ನಾಗಿ ಬರುತ್ತಿತ್ತು ಎಂದರೆ, ನಿಲ್ಲಿಸಬೇಕೆನ್ನುವುದೇ ಮರೆತುಹೋಯಿತು. ಒರಟು ಕಾಗದ ಆಯಿತು, ಸಣ್ಣ ಕಾಗದ ಆಯಿತು, ಕೊನೆಗೆ ಅರಗಿನ ಬಣ್ಣಕ್ಕೆ ಹೊಳಪು ಕೊಡಲು ಉಜ್ಜುವ ತಾಳೆಗರಿಯನ್ನೂ ಎತ್ತಿಕೊಂಡು ಎರಡು ಸಲ ಉಜ್ಜಿದೆ. ಕನ್ನಡಿಯಂತೆ ಹೊಳೆಯಿತು. ಆ ಕನ್ನಡಿಯಲ್ಲಿ ನನ್ನ ಮುಖ ಕಂಡಿತು. ನಂಬರು ಕಾಣಲಿಲ್ಲ.

ಮೊದಲ ನಾಲ್ಕೈದು ಅಕ್ಷರಗಳ ನೆರಳು ಉಳಿದಿತ್ತು. ಮಿಕ್ಕದ್ದೆಲ್ಲ, ಆ ಗಾಡಿಗೇ ಸ್ವಂತವಾದ ಕೊನೆಯ ಅಂಕಿಗಳೂ ಸೇರಿ, ನನ್ನ ಅಂಗಿಯ ಮೇಲೆ ಪುಡಿಯಾಗಿ ಕೂತಿದ್ದವು. ‘ಇಲ್ಲಾಂದ್ರೆ ಕದ್ದ ಮಾಲು’ ಎಂಬ ಕುಮಾರನ ಮಾತು ಕಿವಿಯಲ್ಲಿ ಗುಂಯ್‌ಗುಟ್ಟತೊಡಗಿತು. ಆಗಲೇ ಅಕ್ಕನಿಗೆ ಫೋನ್ ಮಾಡಬೇಕಿತ್ತು. ಫೋನು ಕೈಗೆ ತೆಗೆದುಕೊಂಡೆ, ಅವಳ ಹೆಸರಿನ ತನಕ ಬಂದೆ, ಮತ್ತೆ ಜೇಬಿಗೆ ಇಳಿಸಿದೆ. ಇಳಿಸಿ, ಅದಕ್ಕಿಂತ ದೊಡ್ಡದೊಂದು ತಪ್ಪಿಗೆ ಕೈಹಾಕಿದೆ.

ಫಾರಂಗೆ ಬೇಕಾಗಿರುವುದು ಅಚ್ಚು ತಾನೆ? ಅಚ್ಚು ತಗಡಿನಿಂದಲೇ ಬರಬೇಕೆಂದು ಯಾರು ಹೇಳಿದರು? ಒಂದು ಮರದ ತುಂಡು ತೆಗೆದುಕೊಂಡು, ಆರ್‌ಸಿ ನೋಡಿಕೊಂಡು, ಹದಿನೇಳು ಅಕ್ಷರವನ್ನೂ ಸಣ್ಣ ಉಳಿಯಿಂದ ಕೆತ್ತಿದೆ. ಮಧ್ಯಾಹ್ನ ಕೂತವನು ಏಳುವಾಗ ದೀಪ ಹಚ್ಚುವ ಹೊತ್ತು. ನನ್ನ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾಗಿ ಇಂಗ್ಲಿಷ್ ಬರೆದಿರಲಿಲ್ಲ. ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ತಿಕ್ಕಿದೆ. ಬೆಳ್ಳಗೆ, ಸಾಲಾಗಿ, ಮದುವೆ ಕಾರ್ಡಿನ ಹಾಗೆ ಮೂಡಿತು. ಸಂಜೆ ಅಕ್ಕ ಬಂದು ನೋಡಿ, “ಎಷ್ಟ್ ಚೆಂದಾಗಿ ಬಂದೈತ್ಲಾ! ನಿನ್ ಕೈಗೆ ದೃಷ್ಟಿ ತೆಗೀಬೇಕು” ಎಂದಳು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಅಂದಿನಿಂದ ನನ್ನ ಬದುಕಿನ ಬಣ್ಣ ಖಾಕಿಯಾಯಿತು. ಖಾಕಿ ಅಂಗಿ ತೊಡುವವರು ಈ ಊರಿನಲ್ಲಿ ಎಷ್ಟು ಜನ ಇದ್ದಾರೆಂದು ಎಣಿಸಬೇಕಾದರೆ ಒಂದು ಅಪರಾಧ ಮಾಡಿ ನೋಡಬೇಕು. ಆಟೋದವರು, ಪೋಸ್ಟಿನವರು, ಲೈನ್‌ಮನ್ನು, ಬಸ್ಸಿನ ಕಂಡಕ್ಟರು. ಒಬ್ಬ ಕಂಡಕ್ಟರು “ರೀ, ಎಲ್ಲಿಗೆ?” ಎಂದು ಕೇಳಿದ್ದಕ್ಕೆ ನಾನು “ಎಲ್ಲಿಗೂ ಇಲ್ಲ ಸಾರ್” ಎಂದು ಇಳಿದುಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಯಾರೂ ಏನೂ ಅನ್ನದೆಯೇ ಇಡೀ ದಿನ ಹೆಗಲು ಒರೆಸಿಕೊಳ್ಳುತ್ತಿದ್ದೆ. ಆದರೂ ಒಳಗೊಂದು ಆಸೆ ಇತ್ತು. ಕಾಗದ ಸರಿಯಾಗಿದ್ದ ಮೇಲೆ ಕಬ್ಬಿಣವನ್ನು ಯಾರು ಬಗ್ಗಿ ನೋಡುತ್ತಾರೆ?

ಬಗ್ಗಿ ನೋಡುವುದಕ್ಕೇ ಒಬ್ಬರು ಇರುತ್ತಾರೆ. ಆರ್‌ಟಿಒ ಆಫೀಸಿನಲ್ಲಿ ವ್ಯಾನು ತೋರಿಸುವ ದಿನ, ಆರನೆಯ ದಿನ, ಚಿಕ್ಕ ವಯಸ್ಸಿನ ಇನ್‌ಸ್ಪೆಕ್ಟರ್ ಮೇಡಂ ಒಬ್ಬರು ಕೈಯಲ್ಲಿ ಟಾರ್ಚ್ ಹಿಡಿದು ಬಂದರು. ಅವರು ತೊಟ್ಟದ್ದೂ ಖಾಕಿಯೇ. ಲೈಟು, ಹಾರನ್ನು, ಬ್ರೇಕು ನೋಡಿದರು. ಎಂಜಿನ್ ನಂಬರು ನೋಡಿ “ಸರಿ” ಎಂದರು. ಆಮೇಲೆ ಫಾರಂಗೆ ಅಂಟಿಸಿದ್ದ ಅಚ್ಚನ್ನು ಕಣ್ಣಿನ ಹತ್ತಿರ ಹಿಡಿದರು. ತುಂಬ ಹೊತ್ತು ಹಿಡಿದೇ ಇದ್ದರು.

“ಇದನ್ನ ಯಾರು ತೆಗೆದಿದ್ದು?”

“ನನ್ ತಮ್ಮ ಮೇಡಂ. ಗೊಂಬೆ ಕೆಲಸದೋನು” ಎಂದಳು ಅಕ್ಕ ಹೆಮ್ಮೆಯಿಂದ.

“ಹೌದಾ? ನಾನು ದಿನಕ್ಕೆ ಹತ್ತಾರು ಅಚ್ಚು ನೋಡ್ತೀನಿ. ಕಬ್ಬಿಣಕ್ಕೆ ಮರದ ಗೆರೆ ಬಂದಿರೋದನ್ನ ಇವತ್ತೇ ನೋಡಿದ್ದು.”

ಇಲ್ಲಿ ನಾನು ನನ್ನ ಜಿಪುಣತನವನ್ನೂ ಒಪ್ಪಿಕೊಳ್ಳಬೇಕು. ನಾವು ಗೊಂಬೆಗೆ ಬಳಸುವ ಹಾಲೆ ಮರದಲ್ಲಿ ಗೆರೆ ಕಾಣುವುದೇ ಇಲ್ಲ, ಬೆಣ್ಣೆಯ ಹಾಗಿರುತ್ತದೆ. ಸುಳ್ಳಿಗೆ ಒಳ್ಳೆಯ ಮರ ಯಾಕೆ ಹಾಳು ಮಾಡಲಿ ಎಂದು ನಾನು ಮೂಲೆಯಲ್ಲಿ ಬಿದ್ದಿದ್ದ ಯಾವುದೋ ಕಾಡು ಮರದ ತುಂಡು ತೆಗೆದುಕೊಂಡಿದ್ದೆ. ಅದರ ಗೆರೆಗಳೆಲ್ಲ ಅಕ್ಷರಗಳ ಹಿಂದೆ ಉಳುಮೆ ಮಾಡಿದ ಹೊಲದಂತೆ ಮೂಡಿದ್ದವು. ಪೆನ್ಸಿಲ್ ಯಾವುದನ್ನೂ ಮುಚ್ಚಿಡುವುದಿಲ್ಲ.

ಮೇಡಂ ಸೀಟು ಎತ್ತಿಸಿ ಟಾರ್ಚ್ ಬಿಟ್ಟರು. ಕನ್ನಡಿ ಫಳಾರೆಂದಿತು. ಅವರ ಮುಖ ಗಂಟಾಯಿತು. “ನಂಬರನ್ನ ಬೇಕಂತಲೇ ಅಳಿಸಿದ್ದಾರೆ. ಇದು ಸಣ್ಣ ವಿಷಯ ಅಲ್ಲ. ಮಾರಿದವರನ್ನ ಕರ್ಕೊಂಡು ಬನ್ನಿ, ಇಬ್ಬರೂ ಬರೆದು ಕೊಡಿ. ಒಂದು ವಾರ ಕಾಯ್ತೀನಿ. ಇಲ್ಲ ಅಂದ್ರೆ ಸ್ಟೇಷನ್ನಿಗೆ ಪತ್ರ ಹೋಗುತ್ತೆ.”

ಅಕ್ಕ ನನ್ನ ಕಡೆ ತಿರುಗಿದಳು. ಆಗ ಹೇಳಬಹುದಿತ್ತು. ಆದರೆ ಅವಳೇ ನನಗೊಂದು ದಾರಿ ಮಾಡಿಕೊಟ್ಟಳು. “ನೀನು ತಿಕ್ಕೋವಾಗ ಇತ್ತೇನ್ಲಾ ನಂಬರು?” ಎಂದಳು. “ಅಷ್ಟಕ್ಕಷ್ಟೆ ಇತ್ತು, ಕಾಣದ್ದಕ್ಕೆ ಆರ್‌ಸಿ ನೋಡ್ಕಂಡು ಮರದ ಮೇಲೆ ಬರ್ಕಂಡೆ” ಎಂದೆ. ಅರ್ಧ ನಿಜ ಪೂರ್ತಿ ಸುಳ್ಳಿಗಿಂತ ಕೆಟ್ಟದ್ದು ಎನ್ನುವುದು ನನಗೆ ಆ ಕ್ಷಣ ತಿಳಿಯಿತು. ಯಾಕೆಂದರೆ ಅಕ್ಕ ನಿಟ್ಟುಸಿರು ಬಿಟ್ಟು, “ಹಂಗಾದ್ರೆ ಸಾಹೇಬ್ರೇ ಅಳಿಸಿ ಮಾರವ್ರೆ. ನಗ್‌ನಗ್ತಾ ಸಹಿ ಹಾಕಿದ್ರು ಕಣ್ಲಾ, ಪಾಪದೋರಂಗೆ” ಎಂದಳು.

ಮಾರಿದ ಮನುಷ್ಯ ಕಳ್ಳನಾದ. ನಾನು ಮತ್ತೆ ನನ್ನ ಕಾಲಿನ ಹೆಬ್ಬೆರಳು ನೋಡಿದೆ.

ಫೋನಿನಲ್ಲಿ ಮಾತು ಏರಿತು. ಸಾಹೇಬರು ಮೊದಲು ನಕ್ಕರಂತೆ, ಆಮೇಲೆ ಸಿಟ್ಟಾದರಂತೆ, ಆಮೇಲೆ ಅವರ ದನಿಯೇ ಉಡುಗಿತಂತೆ. “ಸಾಯಂಕಾಲ ಮಾರ್ಕೆಟ್ಟಿಗೆ ಹೋಗಕ್ಕೂ ನಾಚಿಕೆ ಆಯ್ತದಮ್ಮಾ” ಎಂದರಂತೆ. ಅಕ್ಕನಿಗೂ ಸ್ಟೇಷನ್ನಿನ ಮೆಟ್ಟಿಲು ಹತ್ತಲು ಮನಸ್ಸಿರಲಿಲ್ಲ. ಮುಂದಿನ ವಾರ ದೊಡ್ಡಆಲಹಳ್ಳಿಯಲ್ಲಿ ಒಂದು ಮದುವೆಗೆ ಸಾವಿರ ಹೋಳಿಗೆ ಒಪ್ಪಿಕೊಂಡಿದ್ದಳು. ವ್ಯಾನು ಸ್ಟೇಷನ್ ಅಂಗಳ ಸೇರಿದರೆ ಹೋಳಿಗೆ ಮತ್ತೆ ಊಟದ ಮೇಲೆ ತಲುಪುತ್ತದೆ. ಐದು ದಿನ ಯೋಚಿಸಿ, ನಮ್ಮ ಕಡೆಯವರು ತಲತಲಾಂತರದಿಂದ ಇಂಥ ವ್ಯಾಜ್ಯಕ್ಕೆ ಮಾಡುವುದನ್ನೇ ಮಾಡಿದಳು, ದೇವರ ಆಣೆಗೆ ಕರೆದಳು. “ಕಬ್ಬಾಳಿಗೆ ಬರ್ಲಿ. ಅಮ್ಮನೋರ ಗುಡಿ ಮುಂದೆ ಉರಿಯೋ ಕರ್ಪೂರ ಅಂಗೈಲಿ ಆರಿಸಿ ನಾನಲ್ಲ ಅನ್ಲಿ. ಅಂದ್ರೆ ನಾನು ನಂಬ್ತೀನಿ.”

ಸಾಹೇಬರು ಬರದಿರಲಿ ಎಂದು ನಾನು ಹಾರೈಸಿದೆ. ಅವರು ಬಂದರು. ತಲೆಗೆ ಕರವಸ್ತ್ರ ಕಟ್ಟಿ, ಕಂಕುಳಲ್ಲೊಂದು ಬಟ್ಟೆ ಚೀಲ ಇಟ್ಟುಕೊಂಡು, ತಾವೇ ಮಾರಿದ ವ್ಯಾನು ಹತ್ತಿ ನಾನು ಅಳಿಸಿದ ನಂಬರಿನ ಮೇಲಿನ ಸೀಟಿನಲ್ಲಿ ಕೂತರು. ಅಕ್ಕ ಓಡಿಸುತ್ತಿದ್ದಳು. ನಾನು ಹಿಂದೆ ಹೋಳಿಗೆ ಡಬ್ಬಗಳ ನಡುವೆ. ಸಾತನೂರು ರಸ್ತೆಯ ಪ್ರತಿ ಹಳ್ಳಕ್ಕೂ ಡಬ್ಬಗಳು ‘ಢಣ್’ ಎನ್ನುತ್ತಿದ್ದವು, ನನಗೆ ಬೇಡಿ ಹಾಕಿದ ಸದ್ದೇ ಕೇಳುತ್ತಿತ್ತು. ಅಕ್ಕನ ಡ್ರೈವಿಂಗ್, ಅಮ್ಮನವರ ಕೋಪ, ಪೊಲೀಸರ ಲಾಠಿ, ಈ ಮೂರರಲ್ಲಿ ಯಾವುದು ಮೊದಲು ನನ್ನ ಮೇಲೆ ಬೀಳುತ್ತದೆ ಎಂದು ಹೇಳಲಾಗುತ್ತಿರಲಿಲ್ಲ. ಒಂದು ತಿರುವಿನಲ್ಲಿ ಅಕ್ಕ ಟ್ರ್ಯಾಕ್ಟರಿಗೆ ದಾರಿ ಕೊಡದೆ ಮುಂದೆ ಹೋದಾಗ, ಮೂರೂ ಒಟ್ಟಿಗೆ ಎನಿಸಿತು.

ಸಾಹೇಬರು ಚೀಲ ಬಿಚ್ಚಿ ಒಂದೊಂದೇ ಕಾಗದ ಹಿಂದಕ್ಕೆ ನನ್ನ ಕೈಗೆ ಕೊಟ್ಟರು. “ನೋಡಿ ಸಿದ್ದಣ್ಣ, ಮೊದಲ ದಿನದ ಬಿಲ್ಲು. ಇದು ಇನ್ಸೂರೆನ್ಸು, ಹದಿನೈದು ವರ್ಷದ್ದೂ ಐತೆ. ಇದು ಬ್ಯಾಂಕಿನ ಸಾಲ ತೀರಿದಾಗ ತೆಗ್ದಿದ್ ಚಾಸಿ ಪ್ರಿಂಟು, ಒಂದು ಹೆಚ್ಗೆ ತೆಗ್ದು ಇಟ್ಕೊಂಡಿದ್ದೆ. ಕಳ್ಳ ಆದ್ರೆ ಇಷ್ಟೆಲ್ಲ ಯಾಕ್ ಇಟ್ಕೊಳ್ತಾನೆ?”

ಆ ಹಳೆಯ ಅಚ್ಚನ್ನು ಕಣ್ಣಿನ ಹತ್ತಿರ ಹಿಡಿದೆ. ನಾನು ಕೆತ್ತಿದ್ದಕ್ಕಿಂತ ಒರಟು, ಒಂದು ಅಕ್ಷರ ಮೇಲೆ, ಒಂದು ಕೆಳಗೆ. ನಿಜವಾದದ್ದು ಅಷ್ಟೊಂದು ಅಚ್ಚುಕಟ್ಟಾಗಿ ಇರುವುದಿಲ್ಲ ಎಂದು ಕಾಣುತ್ತದೆ.

ಕಬ್ಬಾಳು ಬಂತು. ಬೆಟ್ಟ ನಮ್ಮನ್ನೇ ನೋಡುತ್ತ ಕೂತಂತಿತ್ತು. ಕಾಲು ತೊಳೆದುಕೊಂಡೆವು. ಗುಡಿಯ ಮುಂದೆ ಅಕ್ಕ ಕಲ್ಲಿನ ಮೇಲೆ ಕರ್ಪೂರ ಇಟ್ಟು ಹಚ್ಚಿದಳು. ಸಾಹೇಬರು ಚಪ್ಪಲಿ ಬಿಟ್ಟು, ತೋಳು ಮಡಿಸಿ, ನನ್ನ ಪಕ್ಕ ನಿಂತು ಮೆಲ್ಲಗೆ ಹೇಳಿದರು. “ಸತ್ಯ ಹೇಳಕ್ಕೂ ಭಯ ಆಯ್ತದೆ ನೋಡಿ ಸಿದ್ದಣ್ಣ. ನಮ್ಮಮ್ಮ ನಂಗೆ ಕಾಯಿಲೆ ಬಂದಾಗ ಇಲ್ಲಿಗೇ ಹರಕೆ ಕಟ್ಟಿದ್ಲಂತೆ. ಈ ಅಮ್ಮನೋರ ಮುಂದೆ ಇವತ್ತು ಕಳ್ಳ ಅನ್ನಿಸ್ಕೊಂಡು ನಿಂತಿವ್ನಿ.” ಹೀಗೆಂದು ಉರಿಯುವ ಕರ್ಪೂರದ ಮೇಲೆ ಅಂಗೈ ಚಾಚಿದರು. ಆ ಅಂಗೈ ಬಿಸಿನೀರಿನಲ್ಲಿ ಗೂಡು ಹಿಡಿದು ಹಿಡಿದು ಬಿಳಿಚಿತ್ತು.

“ಉಪ್ಪುಕಾಗದ!” ಎಂದು ಕೂಗಿದೆ.

ಎಲ್ಲರೂ ತಿರುಗಿದರು. ಹೂ ಮಾರುವವಳೂ ತಿರುಗಿದಳು.

“ಏನ್ಲಾ?” ಎಂದಳು ಅಕ್ಕ.

“ಎಂಬತ್ತನೇ ನಂಬರ್ ಉಪ್ಪುಕಾಗದ. ಡ್ರಿಲ್ಲಿಗೆ ಹಾಕಿದ್ದೆ. ತುಕ್ಕು ಇತ್ತು ಅಂತ ತಿಕ್ಕಿದೆ, ಜಾಸ್ತಿ ಆಯ್ತು. ಆಮೇಲೆ ತಾಳೆಗರೀಲಿ ಉಜ್ಜಿದೆ. ನಾನೇ. ಆ ಅಚ್ಚೂ ತಗಡಿಂದಲ್ಲ, ಪೂರ್ತಿ ಮರದ್ದು. ಸಾಹೇಬ್ರೆ, ಕೈ ಹಿಂದಕ್ ತಗೊಳ್ಳಿ.”

ಸಾಹೇಬರು ಕೈ ಹಿಂದೆ ತೆಗೆದುಕೊಂಡರು. ಕರ್ಪೂರ ತಾನಾಗಿ ಉರಿದು ಮುಗಿಯಿತು. ಅವರು ಮೆಟ್ಟಿಲ ಮೇಲೆ ಕುಸಿದು ಕೂತು ಕೇಳಿದರು. “ಹದಿನೇಳೂ ಮರದ ಮೇಲೆ ಕೆತ್ತಿದ್ರಾ?”

“ಹೂಂ.”

“ಎಷ್ಟೊತ್ ಹಿಡೀತು?”

“ಮಧ್ಯಾಹ್ನದಿಂದ ದೀಪ ಹಚ್ಚೋವರ್ಗೂ.”

“ಅಷ್ಟೊತ್ನಲ್ಲಿ ಒಂದ್ ಫೋನ್ ಮಾಡ್ಬೋದಾಗಿತ್ತಲ್ಲಪ್ಪಾ!”

ಅಕ್ಕ ನನ್ನನ್ನು ಹೊಡೆಯುತ್ತಾಳೆಂದು ಕಣ್ಣು ಮುಚ್ಚಿದೆ. ಏನೂ ಬೀಳಲಿಲ್ಲ. ಕಣ್ಣು ಬಿಟ್ಟರೆ ಅವಳು ಸಾಹೇಬರ ಮುಂದೆ ಕೈ ಜೋಡಿಸಿ ನಿಂತಿದ್ದಳು. “ತಪ್ಪಾಯ್ತು ಸಾಹೇಬ್ರೆ. ನನ್ ತಮ್ಮಂದು. ನಂದೂ” ಎಂದಳು. ಮಾರ್ಕ್ಸ್ ಕಾರ್ಡಿನ ದಿನ ಹೆಡ್‌ಮಾಸ್ಟರ ಮುಂದೆ ನಿಂತಿದ್ದಳಲ್ಲ, ಹಾಗೆಯೇ. ನಾನು ಉಪ್ಪುಕಾಗದದ ನಂಬರು ಹೇಳಿದ್ದೆ, ಡ್ರಿಲ್ಲಿನ ವಿಷಯ ಹೇಳಿದ್ದೆ, ತಾಳೆಗರಿಯ ತನಕ ವಿವರಿಸಿದ್ದೆ. ‘ತಪ್ಪಾಯ್ತು’ ಎಂಬ ಒಂದು ಮಾತನ್ನು ಮಾತ್ರ ಅವಳಿಗೇ ಬಿಟ್ಟಿದ್ದೆ. ಒಪ್ಪಿಕೊಂಡ ಮೇಲೂ ಬಾಯಲ್ಲಿ ಏನೋ ಉಳಿಯುತ್ತದೆ, ಅದೇ ಗಟ್ಟಿಯಾದದ್ದು.

ಅಲ್ಲಿಂದ ವಾಪಸು ಬರುವಾಗ ಅಕ್ಕ ಮಾತಾಡಲಿಲ್ಲ. ಹಾರನ್ ಕೂಡ ಮಾಡಲಿಲ್ಲ. ಆಮೇಲೆ ಮೂರು ವಾರವೂ ಅಷ್ಟೆ. ನಾನು ಬೈರಾಪಟ್ಟಣಕ್ಕೆ ಹೋದರೆ ತಟ್ಟೆ ಇಡುತ್ತಾಳೆ, ಬಡಿಸುತ್ತಾಳೆ, ಆದರೆ ಮಾತೆಲ್ಲ ಸಾರಿನ ಪಾತ್ರೆಯ ಜತೆ. “ಇನ್ನೊಂದ್ ಸೌಟು ಹಾಕ್ಲಾ ಅಂತ ಕೇಳ್ದೋರಿಗೆ ಸತ್ಯ ಯೋಳಕ್ಕಾಗಲ್ಲ ಕೆಲವ್ರಿಗೆ” ಎಂದು ಅದಕ್ಕೆ ಹೇಳುತ್ತಾಳೆ. ಪಾತ್ರೆಯೂ ನನ್ನಂತೆಯೇ, ಉತ್ತರ ಕೊಡುವುದಿಲ್ಲ.

ಆಫೀಸಿನ ಕೆಲಸ ನಾನು ಹೆದರಿದಷ್ಟು ಘೋರವಾಗಲಿಲ್ಲ. ಮೇಡಂ ಮುಂದೆ ನಾನೇ ಎಲ್ಲ ಬರೆದು ಕೊಟ್ಟೆ. ಮುಖ ಎತ್ತದೆ ಬೈದರು, ಚೆನ್ನಾಗಿಯೇ ಬೈದರು. ಕಳವಿನ ದೂರು ಇಲ್ಲವೆಂದು ಸ್ಟೇಷನ್ನಿನಿಂದ ಕಾಗದ ತರಿಸಿದರು. ಎಂಜಿನ್ ನಂಬರು ಸರಿಯಿದ್ದದ್ದು, ಸಾಹೇಬರ ಚೀಲದಲ್ಲಿದ್ದ ಹಳೆಯ ಅಚ್ಚು, ಇವೆರಡೂ ನಮ್ಮನ್ನು ಉಳಿಸಿದವು. ಅದೇ ನಂಬರನ್ನು ಮತ್ತೆ ಗುದ್ದಿಸಲು ಅಪ್ಪಣೆ ಸಿಕ್ಕಿತು. ದೊಡ್ಡಆಲಹಳ್ಳಿಯ ಹೋಳಿಗೆಗಳು ಮಾತ್ರ ಸಾಹೇಬರು ಗೊತ್ತು ಮಾಡಿಕೊಟ್ಟ ಬೇರೊಂದು ಗಾಡಿಯಲ್ಲಿ ಹೋದವು. ನನ್ನ ಮರದ ತುಂಡನ್ನು ಮೇಡಂ ಕೇಳಿ ಪಡೆದು, ದಾರ ಕಟ್ಟಿ ಫೈಲಿಗೆ ಸೇರಿಸಿದರು. ನಾನು ಇಷ್ಟು ವರ್ಷ ಮಾಡಿದ್ದರಲ್ಲಿ ಸರ್ಕಾರ ಜೋಪಾನವಾಗಿ ಇಟ್ಟುಕೊಂಡಿರುವುದು ಅದೊಂದೇ.

ಹೊಸದಾಗಿ ಗುದ್ದಿದ ನಂಬರಿನ ಅಚ್ಚು ತೆಗೆಯುವ ದಿನ ಬಂತು. ಆಫೀಸಿನ ಅಂಗಳದಲ್ಲಿ ಅಕ್ಕ, ಸಾಹೇಬರು, ಕುಮಾರ, ಟಾರ್ಚ್ ಹಿಡಿದ ಮೇಡಂ, ಹಿಂದೆ ಸರದಿಯಲ್ಲಿ ನಿಂತ ಹತ್ತಿಪ್ಪತ್ತು ಜನ. ಕುಮಾರ ಪೆನ್ಸಿಲ್ ತೆಗೆದು ತಾನೇ ಬಗ್ಗಲು ಹೋದ. ಅಕ್ಕ ಅವನ ಕೈಯಿಂದ ಅದನ್ನು ಕಿತ್ತು ನನಗೆ ಕೊಟ್ಟಳು. ಮೂರು ವಾರದಲ್ಲಿ ನನ್ನನ್ನು ನೋಡಿ ಆಡಿದ ಮೊದಲ ಮಾತು ಅದು. “ನೀನೇ ತಿಕ್ಕು. ಬರೀ ಪೆನ್ಸಿಲ್ಲಲ್ಲಿ.”

ಸೀಟಿನ ಕೆಳಗೆ ತಲೆ ತೂರಿಸಿ, ಕಾಗದವಿಟ್ಟು, ಹೂವಿನ ಮೇಲೆ ಕೈಯಾಡಿಸಿದಷ್ಟು ಹಗುರವಾಗಿ ತಿಕ್ಕಿದೆ. ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ತಲೆ ಒಳಗಿದ್ದುದರಿಂದ ಯಾರ ಮುಖವೂ ಕಾಣುತ್ತಿರಲಿಲ್ಲ. ಪುಕ್ಕಲರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕುವುದಿಲ್ಲ. ಹದಿನಾಲ್ಕನೆಯ ಅಕ್ಷರದ ಹೊತ್ತಿಗೆ ಮೆಲ್ಲಗೆ “ತಪ್ಪಾಯ್ತು” ಎಂದೆ. ಎಂಜಿನ್ನಿಗೆ ಕೇಳಿಸಿರಬಹುದು.

“ಏನಂದೆ?” ಎಂದಳು ಅಕ್ಕ ಹೊರಗಿನಿಂದ.

“ಏನಿಲ್ಲ.”

“ಏನಿಲ್ಲ ಅಂತ್ಲೇ ಹನ್ನೊಂದ್ ದಿನ ತಳ್ಳಿದ್ದೆ.”

ಉಳಿದ ಮೂರು ಅಕ್ಷರ ತಿಕ್ಕಿ ಮುಗಿಸಿದೆ. ತಲೆ ಹೊರಗೆ ತೆಗೆಯುವಾಗ ಸೀಟಿನ ಕಬ್ಬಿಣ ನೆತ್ತಿಗೆ ಬಡಿಯಿತು. ಮೊದಲನೆಯ ದಿನ ಬೀಳಬೇಕಾಗಿದ್ದ ಮೊಟಕು ಅದೇ ಇರಬೇಕು. ನೆತ್ತಿ ಒತ್ತಿಕೊಂಡು ಎದ್ದು ನಿಂತೆ. ಈ ಸಲ ಕಾಲಿನ ಹೆಬ್ಬೆರಳು ನೋಡಲಿಲ್ಲ. ಖಾಕಿ ಎದುರಿಗಿತ್ತು, ಆದರೂ ಸರದಿಯ ಕೊನೆಯಲ್ಲಿದ್ದವನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

“ಅಕ್ಕ, ತಪ್ಪಾಯ್ತು ಕಣಕ್ಕ. ಸಾಹೇಬ್ರೆ, ನಿಮ್ಗೂ. ನಂಬರ್ ಅಳಿಸಿದ್ದು ಕೈತಪ್ಪು, ಬಾಯ್ ಮುಚ್ಕೊಂಡಿದ್ದು ನಾನ್ ಮಾಡಿದ್ದು. ಆ ಮಾರ್ಕ್ಸ್ ಕಾರ್ಡಿನ ಮೇಲೂ ಅವತ್ತು ನೀರು ಬಿದ್ದಿರ್ಲಿಲ್ಲ ಕಣಕ್ಕ. ಎರಡನ್ನೂ ಹೊಟ್ಟೇಗ್ ಹಾಕ್ಕೊಂಡ್ಬುಡು.”